ಭೇಂಡಿ ಬಜಾರ್: ಮೊದಲ ಹಂತ ಯಾರಿಗೆ, ಕೊನೆಯ ಹಂತ ಯಾರಿಗೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಒಂದು ಮನೆ ಕಟ್ಟಿ ಮುಗಿಸುವಷ್ಟರಲ್ಲಿಯೇ ಮನುಷ್ಯ ಹಣ್ಣಾಗಿ ಹೋಗುತ್ತಾನೆ. ಹಾಗಿರುವಾಗ ಸುಮಾರು 3,200 ಕುಟುಂಬಗಳು ವಾಸವಾಗಿರುವ, ಸುಮಾರು 1,250 ಅಂಗಡಿಗಳು ವ್ಯಾಪಾರ ನಡೆಸುವ ಒಂದು ಇಡೀ ಮೊಹಲ್ಲಾವನ್ನು ಕೆಡವಿ, ಅದೇ ಜನರನ್ನು ಅದೇ ಜಾಗಕ್ಕೆ ಮರಳಿ ತರುವ ಭರವಸೆ ಕೊಟ್ಟು ಹೊಸದಾಗಿ ಕಟ್ಟುವುದೆಂದರೆ ಅದೆಂತಹ ಸಾಹಸವಿರಬೇಕು! ದಕ್ಷಿಣ ಮುಂಬಯಿಯ ಭೇಂಡಿ ಬಜಾರ್‌ನಲ್ಲಿ 2009ರಿಂದ ಆರಂಭವಾದದ್ದು ಇದೇ ಸಾಹಸ. ಹದಿನಾರೂವರೆ ಎಕರೆ ನೆಲ, ಸುಮಾರು 250 ಶಿಥಿಲ ಕಟ್ಟಡಗಳು, ಅವುಗಳ ಜಾಗದಲ್ಲಿ ಹತ್ತು ಹನ್ನೆರಡರ ಆಸುಪಾಸಿನ ಗಗನಚುಂಬಿ ಗೋಪುರಗಳು. ದಾವೂದಿ ಬೊಹ್ರಾ ಸಮುದಾಯದ 52ನೆಯ ಧರ್ಮಗುರು ಸಯ್ಯದನಾ ಮುಹಮ್ಮದ್ ಬುರ್ಹಾನುದ್ದೀನ್ ಅವರು ಸ್ಥಾಪಿಸಿದ ಸೈಫೀ ಬುರ್ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ ಇದರ ಹೊಣೆ ಹೊತ್ತಿತು.

ಈ ಯೋಜನೆಯನ್ನು ಕುರಿತು ಬಂದಿರುವ ಮಾತುಗಳಲ್ಲಿ ಎರಡು ಬಗೆಯವು ಹೆಚ್ಚು. ಒಂದು ಹೊಗಳಿಕೆ: ಇಕ್ಕಟ್ಟಿನ ಗಲ್ಲಿಗಳಿದ್ದಲ್ಲಿ ಅಗಲ ರಸ್ತೆ, ಸಾಮೂಹಿಕ ಕಕ್ಕಸುಗಳಿದ್ದಲ್ಲಿ ಮನೆಗೊಂದು ಸ್ನಾನಗೃಹ, ಬಾಡಿಗೆದಾರನಾಗಿದ್ದವನಿಗೆ ಸ್ವಂತ ಮನೆ. ಇನ್ನೊಂದು ಹಳಹಳಿಕೆ: ಮರದ ಬಾಲ್ಕನಿಗಳು ಹೋದವು, ಗಲ್ಲಿಯ ಗದ್ದಲ ಹೋಯಿತು, ಹಳೆಯ ಮುಂಬಯಿ ಹೋಯಿತು. ಎರಡರಲ್ಲಿಯೂ ಸತ್ಯವಿದೆ. ಆದರೆ ಎರಡೂ ಯೋಜನೆಯ ಕೊನೆಯ ಚಿತ್ರವನ್ನಷ್ಟೇ ನೋಡುತ್ತವೆ. ನಮ್ಮ ಅಭಿಪ್ರಾಯದಲ್ಲಿ ಇಂತಹ ಯೋಜನೆಯೊಂದನ್ನು ಅಳೆಯಬೇಕಾದದ್ದು ಅದರ ಕೊನೆಯ ಚಿತ್ರದಿಂದಲ್ಲ, ಅಲ್ಲಿಗೆ ತಲುಪುವ ಹಂತಗಳ ಕ್ರಮದಿಂದ. ಯಾರ ಮನೆ ಮೊದಲು ಬೀಳುತ್ತದೆ? ಯಾರ ಮನೆ ಮೊದಲು ಏಳುತ್ತದೆ? ಈ ಎರಡರ ನಡುವಿನ ವರ್ಷಗಳನ್ನು ಯಾರು, ಎಲ್ಲಿ, ಹೇಗೆ ಕಳೆಯುತ್ತಾರೆ? ಹಂತಗಳ ಪಟ್ಟಿಯನ್ನು ಇಂಜಿನಿಯರುಗಳ ಕಾಗದವೆಂದು ಬದಿಗಿಡುವುದು ನಮ್ಮ ರೂಢಿ. ನಿಜವಾಗಿ ನ್ಯಾಯ ಅನ್ಯಾಯಗಳ ತೀರ್ಮಾನವಾಗುವುದು ಆ ಪಟ್ಟಿಯಲ್ಲಿಯೇ.

ಕಟ್ಟಡಗಳು ಶಿಥಿಲವಾದ ಬಗೆ

ಭೇಂಡಿ ಬಜಾರ್ ಬರೀ ಹಳೆಯ ಕಟ್ಟಡಗಳ ರಾಶಿಯಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಭಾರತದಿಂದ ಬಂದ ಛಜ್ಜೂ ಖಾನ್, ನಜೀರ್ ಖಾನ್, ಖಾದಿಮ್ ಹುಸೇನ್ ಖಾನ್ ಸಹೋದರರು ಇಲ್ಲಿ ನೆಲೆಸಿ ಕಟ್ಟಿದ ಗಾಯನ ಪರಂಪರೆಗೆ ಭೇಂಡಿ ಬಜಾರ್ ಘರಾಣೆ ಎಂದೇ ಹೆಸರು. ಆ ಪರಂಪರೆಯ ಅಂಜನಿಬಾಯಿ ಮಾಲ್ಪೇಕರ್ ಅವರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಕುಮಾರ ಗಂಧರ್ವರೂ ಪಾಠ ಹೇಳಿಸಿಕೊಂಡರು. ಸಯ್ಯದನಾ ತಾಹೆರ್ ಸೈಫುದ್ದೀನ್ ಅವರ ಸಮಾಧಿಯಾದ ರೌದತ್ ತಾಹೆರಾದ ಒಳಗೋಡೆಗಳ ಮೇಲೆ ಇಡೀ ಕುರ್‌ಆನ್ ಕೆತ್ತಲಾಗಿರುವುದೂ ಇಲ್ಲಿಯೇ. ಪಕ್ಕದ ಚೋರ್ ಬಜಾರ್‌ನ ಒಂದು ಭಾಗವೂ ಯೋಜನೆಯ ಗಡಿಯೊಳಗೆ ಬರುತ್ತದೆ. ವ್ಯಾಪಾರ, ಪ್ರಾರ್ಥನೆ, ಸಂಗೀತ, ವಾಸ ಎಲ್ಲವೂ ಒಂದರ ಮೇಲೊಂದು ಹೆಣೆದುಕೊಂಡ ಜಾಗವಿದು.

ಇಂತಹ ಜಾಗ ಬೀಳುವ ಸ್ಥಿತಿಗೆ ಬಂದದ್ದೇಕೆ? ಇದಕ್ಕೆ ಜನರ ಅಸಡ್ಡೆಯೊಂದೇ ಕಾರಣವಲ್ಲ. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾನೂನು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಬೆಲೆಯೇರಿಕೆಯಿಂದ ಬಡವರನ್ನು ಕಾಪಾಡಲು ಬಂದ ಕ್ರಮ ಅದು. ಆದರೆ ದಶಕಗಳು ಉರುಳಿದರೂ ಬಾಡಿಗೆ ಏರಲಿಲ್ಲ. ತಿಂಗಳಿಗೆ ಕೆಲವೇ ರೂಪಾಯಿ ಬರುವ ಕಟ್ಟಡಕ್ಕೆ ಮಾಲೀಕ ಸುಣ್ಣ ಬಳಿಯುವುದನ್ನೂ ನಿಲ್ಲಿಸಿದ. ಬಾಡಿಗೆದಾರರು ಪಗಡಿ ಕೊಟ್ಟು ಕೈ ಬದಲಾಯಿಸಿಕೊಂಡರು. ಮನೆ ಅತ್ತ ಸ್ವಂತದ್ದೂ ಅಲ್ಲ, ಇತ್ತ ಬಾಡಿಗೆಯದೂ ಅಲ್ಲ ಎಂಬಂತಾಯಿತು. 1969ರಲ್ಲಿ ಸರಕಾರ ಇಂತಹ ಕಟ್ಟಡಗಳ ಮೇಲೆ ಸೆಸ್ ವಿಧಿಸಿ ದುರಸ್ತಿಗೆಂದು ಒಂದು ಮಂಡಳಿಯನ್ನೇ ಮಾಡಿತು. ಆಗ ದ್ವೀಪ ನಗರದಲ್ಲಿ ಅಂತಹ ಕಟ್ಟಡಗಳ ಸಂಖ್ಯೆ ಹತ್ತೊಂಬತ್ತು ಸಾವಿರ ಮೀರಿತ್ತು. ಒಂದು ಕಡೆ ತೇಪೆ ಹಚ್ಚುವಷ್ಟರಲ್ಲಿ ಇನ್ನೊಂದು ಕಡೆ ಹರಿಯುತ್ತಿತ್ತು.

ಒಂದೊಂದೇ ಕಟ್ಟಡವನ್ನು ಬಿಲ್ಡರಿಗೆ ಒಪ್ಪಿಸಿ ಕಟ್ಟಿಸುವ ದಾರಿಯೂ ಇತ್ತು. ಆದರೆ ಆರು ಅಡಿ ಗಲ್ಲಿಯ ಪಕ್ಕದಲ್ಲಿ ಇಪ್ಪತ್ತು ಮಹಡಿಯ ಕಟ್ಟಡ ಎದ್ದರೆ ಗಲ್ಲಿ ಅಗಲವಾಗುವುದಿಲ್ಲ, ಚರಂಡಿ ದೊಡ್ಡದಾಗುವುದಿಲ್ಲ, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಬರುವುದಿಲ್ಲ. ಆದ್ದರಿಂದಲೇ 2009ರಲ್ಲಿ ಮಹಾರಾಷ್ಟ್ರ ಸರಕಾರ ಮುಂಬಯಿಯ ಅಭಿವೃದ್ಧಿ ನಿಯಮಾವಳಿಯ 33(9)ನೆಯ ನಿಯಮದಡಿ ಕ್ಲಸ್ಟರ್ ಪುನರಭಿವೃದ್ಧಿಗೆ ಅವಕಾಶ ಕೊಟ್ಟಿತು. ಕನಿಷ್ಠ 4,000 ಚದರ ಮೀಟರ್ ಜಾಗವನ್ನು ಒಟ್ಟುಗೂಡಿಸಿ, ನಿವಾಸಿಗಳಲ್ಲಿ ಶೇ. 70 ಮಂದಿಯ ಒಪ್ಪಿಗೆ ಪಡೆದರೆ ಆಗಿನ ನಿಯಮದಂತೆ ಹೆಚ್ಚಿನ ಎಫ್‌ಎಸ್‌ಐ ಸಿಗುತ್ತಿತ್ತು. ಅಂದರೆ ಅದೇ ನೆಲದ ಮೇಲೆ ಹೆಚ್ಚು ಮಹಡಿ ಏರಿಸಬಹುದು. ಹೆಚ್ಚುವರಿ ಮಹಡಿಗಳನ್ನು ಮಾರಿ ಬಂದ ಹಣದಿಂದ ಹಳೆಯ ನಿವಾಸಿಗಳಿಗೆ ಉಚಿತವಾಗಿ ಮನೆ ಕಟ್ಟಿಕೊಡಬೇಕು. ಭೇಂಡಿ ಬಜಾರ್‌ನಲ್ಲಿ ಪ್ರತಿ ಕುಟುಂಬಕ್ಕೆ ಕನಿಷ್ಠ 350 ಚದರ ಅಡಿಯ ಸ್ವಂತ ಮನೆ ಎಂದು ಮಾತು ಕೊಡಲಾಯಿತು.

ಹಂತಗಳ ಲೆಕ್ಕ

ಚೌಕಟ್ಟಿನೊಳಗೆ ಅಂಕಿಗಳ ಬಿಲ್ಲೆಗಳನ್ನು ಸರಿಸುವ ಆಟವೊಂದನ್ನು ಮಕ್ಕಳು ಆಡುತ್ತಾರೆ. ಅದರಲ್ಲಿ ಒಂದು ಮನೆ ಖಾಲಿ ಇದ್ದರೆ ಮಾತ್ರ ಉಳಿದ ಬಿಲ್ಲೆಗಳು ಸರಿಯುತ್ತವೆ. ಜನ ತುಂಬಿದ ಮೊಹಲ್ಲಾವನ್ನು ಮರುಕಟ್ಟುವುದೂ ಅಂತಹದೇ ಆಟ. ಆದರೆ ಇಲ್ಲಿ ಬಿಲ್ಲೆಗಳಿಗೆ ಜೀವವಿದೆ. ಮೊದಲು ಖಾಲಿ ಜಾಗ ಬೇಕು. ಭೇಂಡಿ ಬಜಾರ್‌ನಂತಹ ಕಡೆ ಒಂದಂಗುಲವೂ ಖಾಲಿ ಇರುವುದಿಲ್ಲ. ಆದ್ದರಿಂದ ಒಂದಷ್ಟು ಕುಟುಂಬಗಳನ್ನು ಹೊರಗೆ ಬೇರೆಡೆ ಇರಿಸಬೇಕು. ಅವರ ಕಟ್ಟಡಗಳನ್ನು ಕೆಡವಿ ಮೊದಲ ಗೋಪುರ ಕಟ್ಟಬೇಕು. ಅದು ಮುಗಿದ ಮೇಲೆ ಅವರನ್ನು ಕರೆತಂದು, ಖಾಲಿಯಾದ ತಾತ್ಕಾಲಿಕ ಮನೆಗಳಿಗೆ ಮುಂದಿನ ತಂಡವನ್ನು ಕಳಿಸಬೇಕು.

ಇದರ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಉದಾಹರಣೆಗೆ ತಾತ್ಕಾಲಿಕ ಮನೆಗಳು 600 ಇವೆ, ಒಂದು ಗೋಪುರ ಸಮೂಹ ಕಟ್ಟಲು ನಾಲ್ಕೈದು ವರ್ಷ ಬೇಕು ಎಂದಿಟ್ಟುಕೊಳ್ಳೋಣ. ಒಂದು ಸಲಕ್ಕೆ 600ಕ್ಕಿಂತ ಹೆಚ್ಚು ಕುಟುಂಬಗಳನ್ನು ಎಬ್ಬಿಸುವಂತಿಲ್ಲ. 3,200 ಕುಟುಂಬಗಳಿಗೆ ಐದಾರು ಸುತ್ತು ಬೇಕು. ಅಂದರೆ ಇಪ್ಪತ್ತೈದು ವರ್ಷಗಳ ಮಾತು. ತಾತ್ಕಾಲಿಕ ಮನೆಗಳನ್ನು ಎರಡು ಪಟ್ಟು ಮಾಡಿದರೆ ವರ್ಷಗಳು ಅರ್ಧವಾಗುತ್ತವೆ, ಖರ್ಚು ಹೆಚ್ಚುತ್ತದೆ. ಟ್ರಾನ್ಸಿಟ್ ಮನೆ ಎಷ್ಟು ಕಟ್ಟಬೇಕು ಎಂಬುದು ನೋಡಲು ಹಣದ ಪ್ರಶ್ನೆ. ಆದರೆ ಕೊನೆಯ ಕುಟುಂಬ ಎಷ್ಟು ವರ್ಷ ಬಿರುಕು ಬಿಟ್ಟ ತೊಲೆಯ ಕೆಳಗೆ ಮಲಗಬೇಕು ಎಂಬ ತೀರ್ಮಾನವೂ ಅದರಲ್ಲಿಯೇ ಆಗಿಹೋಗುತ್ತದೆ. ಈ ಲೆಕ್ಕವನ್ನು ಜನರ ಮುಂದೆ ಬಿಚ್ಚಿಡುವ ಯೋಜನೆಗಳು ನಮ್ಮ ದೇಶದಲ್ಲಿ ಎಷ್ಟಿವೆ?

ಎರಡನೆಯದು ಹಣದ ಕ್ರಮ. ಮಾರಾಟದ ಗೋಪುರಗಳನ್ನು ಮೊದಲು ಕಟ್ಟಿದರೆ ಹಣ ಬೇಗ ಬರುತ್ತದೆ. ಆದರೆ ಲಾಭ ಕೈಸೇರಿದ ಮೇಲೆ ಹಳೆಯ ನಿವಾಸಿಗಳ ಮನೆ ಮುಗಿಸುವ ಅವಸರ ಯಾರಿಗಿರುತ್ತದೆ? ನಿವಾಸಿಗಳ ಮನೆಗಳನ್ನೇ ಮೊದಲು ಕಟ್ಟುತ್ತ ಹೋದರೆ ನಡುದಾರಿಯಲ್ಲಿ ಹಣ ಬತ್ತಿಹೋಗಬಹುದು. ಮುಂಬಯಿಯಲ್ಲಿ ಅರ್ಧಕ್ಕೆ ನಿಂತ ಪುನರಭಿವೃದ್ಧಿ ಕಟ್ಟಡಗಳ ಅಸ್ಥಿಪಂಜರಗಳು ಈ ಎರಡನೆಯ ಅಪಾಯಕ್ಕೆ ಸಾಕ್ಷಿ. ಮೂರನೆಯದು ನೆಲದ ಕೆಳಗಿನದು. ಗೋಪುರಗಳನ್ನು ಒಂದೊಂದಾಗಿ ಕಟ್ಟಬಹುದು, ಆದರೆ ಚರಂಡಿ, ನೀರು, ವಿದ್ಯುತ್ತುಗಳನ್ನು ಇಡೀ ಪ್ರದೇಶಕ್ಕೆ ಒಟ್ಟಿಗೆ ಯೋಚಿಸಬೇಕು. ಹೊಸ ಕೊಳವೆ ಹಾಕುವಾಗ ಹಳೆಯ ಗಲ್ಲಿಯ ನಲ್ಲಿ ಬತ್ತಬಾರದು. ನಾಲ್ಕನೆಯದು ಕಾಲದ್ದು. ಮುಹಮ್ಮದ್ ಅಲಿ ರಸ್ತೆಯ ಆಸುಪಾಸಿನ ವ್ಯಾಪಾರಿಗೆ ರಮಝಾನ್ ತಿಂಗಳ ದುಡಿಮೆ ಎಷ್ಟು ದೊಡ್ಡದೆಂಬುದು ಎಲ್ಲರಿಗೂ ಗೊತ್ತು. ಆ ತಿಂಗಳ ಮುಂಚೆ ಅಂಗಡಿ ಎಬ್ಬಿಸಿದರೆ ಅವನ ವರ್ಷವೇ ಹೋಯಿತು. ಪರೀಕ್ಷೆಯ ಮುಂಚೆ ಮನೆ ಬದಲಾಯಿಸಿದರೆ ಮಕ್ಕಳ ವರ್ಷ ಹೋಯಿತು.

ಮೊದಲು ಸೂರು, ಆಮೇಲೆ ಸುತ್ತಿಗೆ

ಈ ಜಾಗದ ಇತಿಹಾಸದಲ್ಲಿಯೇ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪಾಠವಿದೆ. 1896ರ ಪ್ಲೇಗಿನ ನಂತರ 1898ರಲ್ಲಿ ಬ್ರಿಟಿಷ್ ಆಡಳಿತ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಗಾಳಿ ಬೆಳಕಿಲ್ಲದ ಮನೆಗಳನ್ನು ಕೆಡವಿ ಅಗಲ ರಸ್ತೆ, ಆರೋಗ್ಯಕರ ಮನೆ ಕಟ್ಟುವುದು ಅದರ ಉದ್ದೇಶ. ಪಕ್ಕದ ನಾಗಪಾಡಾದಲ್ಲಿ ಮನೆಗಳು ಉರುಳಿದವು, ಸ್ಯಾಂಡ್‌ಹರ್ಸ್ಟ್ ರಸ್ತೆ ಬಂತು. ಆದರೆ ಕೆಡವುವ ವೇಗಕ್ಕೆ ಕಟ್ಟುವ ವೇಗ ಸಾಟಿಯಾಗಲಿಲ್ಲ. ಮನೆ ಕಳೆದುಕೊಂಡ ಬಡವರು ದೂರ ಹೋಗಲಾರದೆ ಅಕ್ಕಪಕ್ಕದ ಗಲ್ಲಿಗಳಿಗೇ ನುಗ್ಗಿದರು. ಒಂದು ಕಡೆಯ ಇಕ್ಕಟ್ಟು ಮಾಯವಾಗಿ ಪಕ್ಕದ ಗಲ್ಲಿಯಲ್ಲಿ ಎರಡರಷ್ಟಾಯಿತು. ಉದ್ದೇಶ ಒಳ್ಳೆಯದೇ ಇತ್ತು, ಕ್ರಮ ತಲೆಕೆಳಗಾಗಿತ್ತು.

ಭೇಂಡಿ ಬಜಾರ್ ಯೋಜನೆಯ ದೊಡ್ಡ ಹೆಚ್ಚುಗಾರಿಕೆ ಎಂದರೆ ಈ ತಪ್ಪನ್ನು ಅದು ಮರುಕಳಿಸಲಿಲ್ಲ. ಮಝಗಾಂವ್ ಮೊದಲಾದ ಕಡೆ ಮೊದಲು ಟ್ರಾನ್ಸಿಟ್ ಮನೆಗಳನ್ನು ಸಿದ್ಧಪಡಿಸಿ, ಕುಟುಂಬಗಳನ್ನು ಅಲ್ಲಿಗೆ ಸಾಗಿಸಿ, ನಂತರವೇ ಕಟ್ಟಡ ಕೆಡವುವ ಕ್ರಮವನ್ನು ಅದು ಅನುಸರಿಸಿತು. ನಗರದ ಹೊರಗಿನ ಯಾವುದೋ ಬಯಲಿಗೆ ಅಟ್ಟದೆ, ಮಕ್ಕಳ ಶಾಲೆ, ಗಂಡಸರ ಅಂಗಡಿ, ಹೆಂಗಸರ ನೆರೆಹೊರೆ ಪೂರ್ತಿ ಕಡಿದುಹೋಗದಷ್ಟು ಹತ್ತಿರದಲ್ಲಿ ಇರಿಸುವ ಯತ್ನ ಅದು. 2020ರಲ್ಲಿ ಅಲ್ ಸಆದಾ ಎಂಬ ಹೆಸರಿನ ಮೊದಲ ಜೋಡಿ ಗೋಪುರಗಳು ಮುಗಿದು, 610 ಕುಟುಂಬಗಳೂ 128 ಅಂಗಡಿಗಳೂ ತಮ್ಮ ಮೊಹಲ್ಲಾಕ್ಕೇ ಮರಳುವಂತಾಯಿತು. ಹಳೆಯ ನಿವಾಸಿಗಳನ್ನು ಒಕ್ಕಲೆಬ್ಬಿಸಿ ಶ್ರೀಮಂತರಿಗೆ ನೆಲ ಮಾರುವ ಅಭಿವೃದ್ಧಿಯನ್ನೇ ಕಂಡಿರುವ ನಮ್ಮ ನಗರಗಳಲ್ಲಿ ಇದು ಸಣ್ಣ ಸಾಧನೆಯಲ್ಲ. ಮೊದಲ ಗೋಪುರಗಳು ನಿವಾಸಿಗಳಿಗಾಗಿಯೇ ಎದ್ದವು ಎಂಬುದನ್ನೂ ನಾವು ಗುರುತಿಸಬೇಕು.

ಹುಸೈನಿ ಕಟ್ಟಡ

ಆದರೆ ಈ ಹೊಗಳಿಕೆಯನ್ನು ಇಲ್ಲಿಗೇ ಮುಗಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. 2017ರ ಆಗಸ್ಟ್ 31ರ ಬೆಳಿಗ್ಗೆ ಪಾಕ್‌ಮೋಡಿಯಾ ಸ್ಟ್ರೀಟಿನ ಹುಸೈನಿ ಕಟ್ಟಡ ಕುಸಿದು 33 ಜನ ಸತ್ತರು. ಎರಡು ದಿನ ಮೊದಲು ಮುಂಬಯಿಯಲ್ಲಿ ಭಾರೀ ಮಳೆ ಸುರಿದಿತ್ತು. ಕಟ್ಟಡದಲ್ಲಿದ್ದ ಶಿಶುವಿಹಾರಕ್ಕೆ ಮಕ್ಕಳು ಇನ್ನೂ ಬಂದಿರಲಿಲ್ಲ ಎಂಬುದಷ್ಟೇ ಆ ದಿನದ ಸಮಾಧಾನ. ಈ ಕಟ್ಟಡ ಯೋಜನೆಯ ಹೊರಗಿನದಲ್ಲ, ಒಳಗಿನದು. ಸರಕಾರದ ವಸತಿ ಪ್ರಾಧಿಕಾರವಾದ ಮ್ಹಾಡಾ 2011ರಲ್ಲಿಯೇ ಅದನ್ನು ಅಪಾಯಕಾರಿ ಎಂದು ಗುರುತಿಸಿತ್ತು. ಅಲ್ಲಿದ್ದ 13 ಬಾಡಿಗೆದಾರರಲ್ಲಿ ಏಳು ಕುಟುಂಬಗಳನ್ನು 2013-14ರಲ್ಲಿ ಟ್ರಾನ್ಸಿಟ್ ಮನೆಗಳಿಗೆ ಕಳಿಸಲಾಗಿತ್ತು. ಉಳಿದವರು ಅಲ್ಲಿಯೇ ಇದ್ದರು. ತೆರವಿಗೆ ನೋಟೀಸುಗಳು ಹೋಗಿದ್ದವು ಎಂದು ಟ್ರಸ್ಟ್ ಹೇಳಿತು.

ನೋಟೀಸು ಕೊಟ್ಟಿದ್ದೆವು, ಅವರು ಹೋಗಲಿಲ್ಲ ಎಂಬ ಉತ್ತರ ಕಾನೂನಿನ ಕಟಕಟೆಯಲ್ಲಿ ನಿಲ್ಲಬಹುದು. ಯೋಜನೆಯ ವಿಮರ್ಶೆಯಲ್ಲಿ ಅದು ಸಾಲದು. ಜನ ಬೀಳುವ ಕಟ್ಟಡವನ್ನು ಬಿಟ್ಟು ಹೋಗದಿರುವುದು ಹಟದಿಂದಲ್ಲ. ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರುವ ಖಾತ್ರಿ ಏನು ಎಂಬ ಭಯದಿಂದ. ಈ ಭಯ ಕಲ್ಪನೆಯದಲ್ಲ. ಮುಂಬಯಿಯಲ್ಲಿ ಸರಕಾರಿ ಟ್ರಾನ್ಸಿಟ್ ಕ್ಯಾಂಪುಗಳಿಗೆ ಕೆಲವು ತಿಂಗಳಿಗೆಂದು ಹೋಗಿ ಎರಡು ಮೂರು ದಶಕ ಅಲ್ಲಿಯೇ ಕಳೆದ ಕುಟುಂಬಗಳಿವೆ. ತಾತ್ಕಾಲಿಕ ಎಂಬ ಶಬ್ದ ಆ ನಗರದಲ್ಲಿ ಎಂದೋ ತನ್ನ ಅರ್ಥ ಕಳೆದುಕೊಂಡಿದೆ. ಪಗಡಿ ಕೊಟ್ಟು ಪಡೆದ ಮನೆಗೆ ಬಾಡಿಗೆದಾರನ ಬಳಿ ಇರುವ ದೊಡ್ಡ ದಾಖಲೆ ಎಂದರೆ ಅವನು ಅಲ್ಲಿ ವಾಸವಾಗಿದ್ದಾನೆ ಎಂಬುದೇ. ಆ ದಾಖಲೆಯನ್ನು ಬಿಟ್ಟುಕೊಡು ಎಂದಾಗ ಅವನು ಹಿಂದೆಮುಂದೆ ನೋಡುವುದು ಸಹಜ.

ಹಂತಗಳನ್ನು ರೂಪಿಸುವವರ ಎದುರು ಎರಡು ಬಗೆಯ ಕ್ರಮಗಳಿರುತ್ತವೆ. ಎಲ್ಲಿ ಒಪ್ಪಿಗೆ ಬೇಗ ಸಿಕ್ಕಿತು, ಎಲ್ಲಿ ಜಾಗ ಒಟ್ಟಾಗಿ ಖಾಲಿಯಾಯಿತು, ಎಲ್ಲಿ ಕ್ರೇನ್ ನಿಲ್ಲಿಸಲು ಅನುಕೂಲ ಎಂದು ನೋಡುವುದು ಒಂದು. ಯಾವ ಕಟ್ಟಡ ಮೊದಲು ಬೀಳಬಹುದು ಎಂದು ನೋಡುವುದು ಇನ್ನೊಂದು. ಇವೆರಡೂ ಒಂದೇ ಪಟ್ಟಿ ಆಗುವುದಿಲ್ಲ. ನಿರ್ಮಾಣದ ಕ್ರಮ ಅನುಕೂಲವನ್ನು ಅನುಸರಿಸಲಿ, ಬೇಡವೆನ್ನುವುದಿಲ್ಲ. ಆದರೆ ತೆರವಿನ ಕ್ರಮ ಅಪಾಯವನ್ನೇ ಅನುಸರಿಸಬೇಕು. ಗೋಪುರ ಏಳುವುದು ಎಂಟನೆಯ ಹಂತದಲ್ಲಾದರೂ ಸರಿ, ಬೀಳುವ ಕಟ್ಟಡದ ಜನ ಮೊದಲ ವರ್ಷವೇ ಹೊರಗೆ ಬರಬೇಕು; ಅವರ ಹಕ್ಕು ಕಾಗದದ ಮೇಲೆ ನೋಂದಣಿಯಾಗಿರಬೇಕು. ಅದಕ್ಕಿಂತ ಮುಖ್ಯವಾಗಿ, ಅರ್ಧ ಖಾಲಿಯಾದ ಕಟ್ಟಡ ಎಂಬುದು ಇರಲೇಬಾರದು. ಅರ್ಧ ಜನ ಹೋದ ಕಟ್ಟಡಕ್ಕೆ ದುರಸ್ತಿ ಮಾಡಿಸುವ ಮನಸ್ಸು ಯಾರಿಗೂ ಇರುವುದಿಲ್ಲ. ಹೇಗೂ ಕೆಡವುವುದೇ ತಾನೆ ಎಂಬ ಭಾವ. ಯೋಜನೆ ಬರುತ್ತದೆ ಎಂಬ ಭರವಸೆಯೇ ಕಟ್ಟಡವನ್ನು ಇನ್ನಷ್ಟು ಅನಾಥವಾಗಿಸುತ್ತದೆ. 2019ರ ಜುಲೈನಲ್ಲಿ ಪಕ್ಕದ ಡೋಂಗ್ರಿಯಲ್ಲಿ ಇನ್ನೊಂದು ಕಟ್ಟಡ ಕುಸಿದು ಹತ್ತಕ್ಕೂ ಹೆಚ್ಚು ಜನ ಸತ್ತಾಗ, ಕಾಯುವುದೂ ಕೊಲ್ಲುತ್ತದೆ ಎಂಬ ಪಾಠವನ್ನು ಆ ನಗರ ಮತ್ತೊಮ್ಮೆ ಕಲಿಯಬೇಕಾಯಿತು.

ಕಾಯುವವರ ವರ್ಷಗಳು

2009ರಲ್ಲಿ ಆರಂಭ, 2020ರಲ್ಲಿ ಮೊದಲ ಹಂತದ ಮುಕ್ತಾಯ. ಉಳಿದ ಹಂತಗಳು ಅದರ ನಂತರದ ಮಾತು. ಈ ಹನ್ನೊಂದು ವರ್ಷಗಳಿಗೆ ಟ್ರಸ್ಟನ್ನೊಂದನ್ನೇ ದೂರುವುದು ನ್ಯಾಯವಲ್ಲ. ನೂರಾರು ಮಾಲೀಕರು, ಸಾವಿರಾರು ಬಾಡಿಗೆದಾರರು, ಹತ್ತಾರು ಇಲಾಖೆಗಳ ಪರವಾನಗಿ; ಒಬ್ಬೊಬ್ಬರ ಬಳಿ ಕೂತು ಮಾತಾಡಿ ಸಹಿ ಪಡೆಯುವುದೆಂದರೆ ಸುಲಭವಲ್ಲ. ಸರಕಾರವೇ ನೇರವಾಗಿ ಕೈಗೊಂಡ ಕೆಲಸವೂ ಇದಕ್ಕಿಂತ ಬಹಳ ವೇಗವಾಗಿ ನಡೆದಿಲ್ಲ. ವರ್ಲಿಯ ಬಿಡಿಡಿ ಚಾಳುಗಳ ಪುನರಭಿವೃದ್ಧಿಗೆ 2017ರಲ್ಲಿ ಭೂಮಿಪೂಜೆಯಾಯಿತು. ಮೊದಲ 556 ಕುಟುಂಬಗಳ ಕೈಗೆ ಬೀಗದ ಕೈ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಲ್ಲಿ ಮನೆ ಯಾರದ್ದೆಂಬ ಜಗಳವಿಲ್ಲ, ನೆಲ ಸರಕಾರದ್ದೇ. ಆದರೂ ಎಂಟು ವರ್ಷ.

ಎಂಟು ಹತ್ತು ವರ್ಷ ಎಂದರೆ ಯೋಜನಾ ವರದಿಯಲ್ಲಿ ಒಂದು ಗೆರೆ. ಒಂದು ಮನೆಯಲ್ಲಿ ಅದು ಅಜ್ಜಿಯ ಮರಣ, ಮಗಳ ನಿಕಾಹ್, ಮಗನ ಶಾಲೆಯ ಆದಿ ಅಂತ್ಯ. ಸಹಿ ಹಾಕಿದ ಯಜಮಾನ ಮರಳಿ ಬರುವಾಗ ಇರುವುದಿಲ್ಲ. ಒಂದು ಕುಟುಂಬ ಮೂರಾಗಿರುತ್ತದೆ, ಮನೆ ಮಾತ್ರ 350 ಚದರ ಅಡಿಯದೇ ಒಂದು. ವಾರಸುದಾರರ ನಡುವೆ ಅದನ್ನು ಹಂಚುವುದು ಹೇಗೆ? ಹೆಣ್ಣುಮಕ್ಕಳ ಪಾಲು ಎಲ್ಲಿ ಬರೆಯಲ್ಪಡುತ್ತದೆ? ಹಂತಗಳ ಯೋಜನೆ ಮಾಡುವವರು ಕಬ್ಬಿಣ ಸಿಮೆಂಟುಗಳ ಬೆಲೆಯೇರಿಕೆಯನ್ನು ಲೆಕ್ಕ ಹಾಕುತ್ತಾರೆ. ಕುಟುಂಬ ಬೆಳೆಯುವುದನ್ನೂ ಒಡೆಯುವುದನ್ನೂ ಲೆಕ್ಕ ಹಾಕುವುದು ಅಪರೂಪ.

ಅಂಗಡಿಗಳದ್ದು ಇನ್ನೊಂದು ಕತೆ. ಬಜಾರ್ ಎನ್ನುವುದು ಅಂಗಡಿಗಳ ಮೊತ್ತವಲ್ಲ. ಬೀಗ ಕೊಳ್ಳಲು ಬಂದವನು ಪಕ್ಕದ ಅಂಗಡಿಯಲ್ಲಿ ತಿರುಪು ಮೊಳೆ ಕೊಳ್ಳುತ್ತಾನೆ, ಎದುರಿನಲ್ಲಿ ಚಹಾ ಕುಡಿಯುತ್ತಾನೆ. ಒಂದು ಸಾಲು ಎದ್ದು ಹೋದರೆ ಉಳಿದ ಸಾಲಿನ ಗಿರಾಕಿಯೂ ಕಡಿಮೆಯಾಗುತ್ತಾನೆ. ತಗಡಿನ ಬೇಲಿ, ಧೂಳು, ಮುಚ್ಚಿದ ರಸ್ತೆ. ಮುಂದಿನ ಹಂತದ ಅಂಗಡಿಯವನು ತನ್ನ ಸರದಿ ಬರುವ ಮೊದಲೇ ಅರ್ಧ ನಷ್ಟ ಅನುಭವಿಸಿರುತ್ತಾನೆ. ಎದ್ದು ಹೋದವನಿಗೆ ಪರಿಹಾರದ ಮಾತಿದೆ, ಉಳಿದವನಿಗಿಲ್ಲ. ಆದ್ದರಿಂದ ಬಜಾರನ್ನು ಹಂತಗಳಾಗಿ ವಿಂಗಡಿಸುವಾಗ ನಕ್ಷೆಯ ಗೆರೆಗಳಿಗಿಂತ ಕಸುಬಿನ ಗೆರೆಗಳನ್ನು ನೋಡಬೇಕು. ಒಂದೇ ಕಸುಬಿನ, ಒಂದನ್ನೊಂದು ಅವಲಂಬಿಸಿದ ಅಂಗಡಿಗಳು ಒಟ್ಟಿಗೆ ಹೋಗಿ ಒಟ್ಟಿಗೆ ಬರುವಂತಿರಬೇಕು.

ಲೆಕ್ಕಕ್ಕೆ ಸಿಗದವರು

ಪ್ರತಿ ಪುನರಭಿವೃದ್ಧಿ ಯೋಜನೆಯೂ ಒಂದು ಪಟ್ಟಿಯಿಂದ ಆರಂಭವಾಗುತ್ತದೆ: ಅರ್ಹರ ಪಟ್ಟಿ. ಪಟ್ಟಿಯಲ್ಲಿ ಹೆಸರಿದ್ದವನಿಗೆ ಮೊದಲ ಹಂತವೋ ಕೊನೆಯ ಹಂತವೋ ಎಂಬ ಚಿಂತೆ. ಹೆಸರಿಲ್ಲದವನಿಗೆ ಹಂತವೇ ಇಲ್ಲ. ಅಂಗಡಿಯ ಅಟ್ಟದ ಮೇಲೆ ಮಲಗುವ ಬಿಹಾರದ ಹುಡುಗ, ಬಾಡಿಗೆದಾರನ ಬಾಡಿಗೆದಾರ, ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟವನು, ರಸ್ತೆ ಬದಿ ಕೈಗಾಡಿಯ ಹಣ್ಣಿನವನು. ಬಜಾರ್ ನಡೆಯುವುದು ಇವರಿಂದಲೂ ಹೌದು. ಕಾನೂನು ಇವರನ್ನು ಕಾಣುವುದಿಲ್ಲ. ಧಾರಾವಿಯ ದೊಡ್ಡ ಯೋಜನೆಯಲ್ಲಿ ಎದ್ದಿರುವ ಅತಿ ದೊಡ್ಡ ವಿವಾದವೂ ಇದೇ ಅರ್ಹತೆಯದು. 2000ದ ಜನವರಿ 1ಕ್ಕಿಂತ ಮೊದಲಿನಿಂದ ಇದ್ದ ನೆಲಮಹಡಿಯವರಿಗೆ ಅಲ್ಲಿಯೇ ಉಚಿತ ಮನೆ. ಆಮೇಲೆ ಬಂದವರಿಗೆ, ಮೇಲಿನ ಮಹಡಿಯವರಿಗೆ ಬೇರೆ ಕಡೆ, ಬೇರೆ ಷರತ್ತು. ಒಂದು ಏಣಿಯ ಕೆಳಗಿರುವವನು ಅರ್ಹ, ಮೇಲಿರುವವನು ಅನರ್ಹ. ಇಂತಹ ಗೆರೆ ಎಳೆದ ಮೇಲೆ ಹಂತಗಳನ್ನು ಎಷ್ಟು ಚೊಕ್ಕವಾಗಿ ಜೋಡಿಸಿದರೇನು?

ನಂಬಿಕೆ ಮತ್ತು ಒಪ್ಪಿಗೆ

ಭೇಂಡಿ ಬಜಾರ್ ಯೋಜನೆಗೆ ಇನ್ನೆಲ್ಲಿಯೂ ಇಲ್ಲದ ಒಂದು ಬಲವಿದೆ. ಅದನ್ನು ಮಾಡುತ್ತಿರುವುದು ಲಾಭಕ್ಕಾಗಿ ಬಂದ ಬಿಲ್ಡರ್ ಅಲ್ಲ, ಸಮುದಾಯದ ಟ್ರಸ್ಟ್. ನಿವಾಸಿಗಳಲ್ಲಿ ಹೆಚ್ಚಿನವರು ಆ ಸಮುದಾಯದವರು. ಅವರಿಗೆ ಧರ್ಮಗುರುವಿನ ಮಾತು ಯಾವ ಕರಾರುಪತ್ರಕ್ಕಿಂತಲೂ ತೂಕದ್ದು. ಖಾಸಗಿ ಬಿಲ್ಡರಿಗೆ ಹತ್ತು ವರ್ಷವಾದರೂ ಸಿಗದ ವಿಶ್ವಾಸ ಇಲ್ಲಿ ಮೊದಲೇ ಇತ್ತು. ಮುಸ್ಲಿಮ್ ಸಮುದಾಯ ತನ್ನ ಮೊಹಲ್ಲಾಗಳ ದುಃಸ್ಥಿತಿಗೆ ಸರಕಾರವನ್ನಷ್ಟೇ ದೂರುತ್ತ ಕೂರದೆ ತಾನೇ ಹಣ, ಬುದ್ಧಿ, ಸಂಘಟನೆಗಳನ್ನು ಹೂಡಿ ಇಂತಹ ಕೆಲಸಕ್ಕೆ ಕೈಹಾಕಬಹುದು ಎಂಬುದಕ್ಕೆ ಇದೊಂದು ಮಾದರಿ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ಅದೇ ಬಲದ ಒಳಗೆ ಒಂದು ಅಪಾಯವೂ ಇದೆ. ಗೌರವದಿಂದ ಕೊಟ್ಟ ಒಪ್ಪಿಗೆಯಲ್ಲಿ ಪ್ರಶ್ನೆ ಕೇಳುವುದು ಕಷ್ಟ. ನನ್ನ ಸರದಿ ಯಾವಾಗ, ತಡವಾದರೆ ಯಾರನ್ನು ಕೇಳಬೇಕು, ನಿರ್ವಹಣೆಯ ಖರ್ಚು ತಿಂಗಳಿಗೆ ಎಷ್ಟು, ಲಿಫ್ಟ್ ಕೆಟ್ಟರೆ ಮೂವತ್ತನೆಯ ಮಹಡಿಯ ಮುದುಕಿ ಏನು ಮಾಡಬೇಕು ಎಂದು ಬಿಲ್ಡರನ್ನು ಏರುದನಿಯಲ್ಲಿ ಕೇಳಬಹುದು. ಗುರುವಿನ ಹೆಸರಿನ ಸಂಸ್ಥೆಯನ್ನು ಹಾಗೆ ಕೇಳಲು ನಾಲಗೆ ತಡವರಿಸುತ್ತದೆ. ಅದೇ ಮೊಹಲ್ಲಾದಲ್ಲಿ ಇತರ ಮುಸ್ಲಿಮರೂ ಹಿಂದೂಗಳೂ ಇದ್ದಾರೆ. ಅವರಿಗೆ ಇದು ಗುರುವಿನ ಮಾತಲ್ಲ, ಬರೀ ಕರಾರು. ಹೀಗಾಗಿ ಸಮುದಾಯದ ಸಂಸ್ಥೆಯ ಮೇಲಿನ ಹೊಣೆ ಖಾಸಗಿ ಸಂಸ್ಥೆಗಿಂತ ಹೆಚ್ಚಿನದು, ಕಡಿಮೆಯದಲ್ಲ. ಹಳೆಯ ಮನೆಯ ಬೀಗದ ಕೈಯನ್ನು ಒಪ್ಪಿಸುವವನು ಒಪ್ಪಿಸುವುದು ಅಮಾನತ್ತನ್ನು. ಅಮಾನತ್ತಿಗೆ ಲೆಕ್ಕ ಕೊಡಬೇಕು. ಕೇಳುವ ಮೊದಲೇ ಕೊಡಬೇಕು. ಪ್ರತಿ ಹಂತದ ದಿನಾಂಕ, ಟ್ರಾನ್ಸಿಟ್ ಮನೆಗಳ ಸಂಖ್ಯೆ, ತಡವಾದ ಕಾರಣ ಎಲ್ಲವನ್ನೂ ಆ ಗಲ್ಲಿಯ ಜನ ಓದುವ ಭಾಷೆಗಳಲ್ಲಿ ಗೋಡೆಯ ಮೇಲೆ ಅಂಟಿಸಿದರೆ ಗೌರವ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ನಮ್ಮ ನಾಡಿನ ಒಂದು ಪಾಠ

ಮುಂಬಯಿಯ ಗಲ್ಲಿಯೊಂದರ ಕತೆ ಕನ್ನಡ ಓದುಗರಿಗೇಕೆ ಎಂದು ಕೆಲವರಿಗೆ ಅನಿಸಬಹುದು. ಅದಕ್ಕೆ ಉತ್ತರ ಬೆಂಗಳೂರಿನಲ್ಲಿಯೇ ಇದೆ. ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ್ದ ಸುಮಾರು 1,500 ಮನೆಗಳ ವಸತಿಗೃಹಗಳಿದ್ದವು. ಕಟ್ಟಡಗಳು ಶಿಥಿಲವಾಗಿ ಕೆಲವು ಕುಸಿದ ಮೇಲೆ ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿದ್ದರು. ಖಾಸಗಿ ಸಹಭಾಗಿತ್ವದಲ್ಲಿ ಸುಮಾರು ಅರ್ಧ ಜಾಗದಲ್ಲಿ ಬಡವರ ಮನೆ, ಉಳಿದರ್ಧದಲ್ಲಿ ವಾಣಿಜ್ಯ ಸಂಕೀರ್ಣ ಎಂಬ ಯೋಜನೆ ಬಂತು. 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಬುಲ್‌ಡೋಜರುಗಳು ಬಂದವು. ದಲಿತರು, ಮುಸ್ಲಿಮರು, ಕ್ರೈಸ್ತರು ಎನ್ನದೆ ಸಾವಿರಾರು ಜನ ಬೀದಿಗೆ ಬಿದ್ದರು. ಅನೇಕ ಕುಟುಂಬಗಳು ಪಕ್ಕದ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ವರ್ಷಗಟ್ಟಲೆ ಬದುಕಿದವು. ಅವರಿಗೆ ತೋರಿಸಿದ ಬದಲಿ ಜಾಗ ಊರಾಚೆಯ ಸೂಲಿಕುಂಟೆ.

ಭೇಂಡಿ ಬಜಾರನ್ನೂ ಈಜಿಪುರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡರಲ್ಲಿಯೂ ಸಮಸ್ಯೆ ಒಂದೇ: ಶಿಥಿಲ ಕಟ್ಟಡ, ಬೆಲೆಬಾಳುವ ನೆಲ, ಬಡ ಮತ್ತು ಕೆಳಮಧ್ಯಮ ವರ್ಗದ ಜನ. ಕಾಗದದ ಮೇಲಿನ ಪರಿಹಾರವೂ ಹೆಚ್ಚು ಕಡಿಮೆ ಒಂದೇ: ಒಂದಿಷ್ಟು ನೆಲ ಮಾರಿ ಮನೆ ಕಟ್ಟುವುದು. ವ್ಯತ್ಯಾಸ ಕ್ರಮದಲ್ಲಿ. ಒಂದು ಕಡೆ ಸೂರು ಮೊದಲು, ಸುತ್ತಿಗೆ ಆಮೇಲೆ. ಇನ್ನೊಂದು ಕಡೆ ಬುಲ್‌ಡೋಜರೇ ಮೊದಲು. ಹಾಗೆಂದು ಭೇಂಡಿ ಬಜಾರ್ ತನ್ನ ಪರೀಕ್ಷೆಯಲ್ಲಿ ಪೂರ್ತಿ ಗೆದ್ದಿದೆ ಎನ್ನುವಂತಿಲ್ಲ. ಹುಸೈನಿ ಕಟ್ಟಡದ 33 ಸಾವುಗಳು ಆ ಮಾತನ್ನು ತಡೆಯುತ್ತವೆ.

ನಾಳೆ ನಮ್ಮ ಶಿವಾಜಿನಗರಕ್ಕೋ, ಮಂಗಳೂರಿನ ಬಂದರಿಗೋ, ಯಾವುದೇ ಊರಿನ ಹಳೆಯ ಪೇಟೆಗೋ ಇಂತಹ ಯೋಜನೆ ಬಂದರೆ ಬಣ್ಣದ ಚಿತ್ರಗಳನ್ನು ನೋಡಿ ಮರುಳಾಗುವುದೂ ಬೇಡ, ಹಳೆಯದೆಲ್ಲ ಹೋಯಿತೆಂದು ಗೋಳಾಡುವುದೂ ಬೇಡ. ಹಂತಗಳ ಪಟ್ಟಿಯನ್ನು ಕೇಳೋಣ. ಮೊದಲು ತೆರವಾಗುವುದು ಅತ್ಯಂತ ಅಪಾಯದ ಕಟ್ಟಡವೇ? ಹೋಗುವ ಮನೆ ಸಿದ್ಧವಾಗಿದೆಯೇ, ಮರಳುವ ಮನೆಯ ನೋಂದಣಿ ಆಗಿದೆಯೇ? ನಿವಾಸಿಗಳ ಗೋಪುರಕ್ಕೆ ಮೊದಲು ಮಾರಾಟದ ಗೋಪುರ ಏಳದಂತೆ ತಡೆಯಿದೆಯೇ? ಹಣ ನಿಂತರೆ, ಮುಗಿದ ಹಂತ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆಯೇ? ಪಟ್ಟಿಯ ಕೊನೆಯಲ್ಲಿರುವ ಕುಟುಂಬಕ್ಕೆ ತನ್ನ ವರ್ಷ ಯಾವುದೆಂದು ಯಾರಾದರೂ ಬರೆದು ಕೊಟ್ಟಿದ್ದಾರೆಯೇ? ಮೊದಲ ಹಂತದ ಉದ್ಘಾಟನೆಗೆ ಮಂತ್ರಿಗಳೂ ಪತ್ರಕರ್ತರೂ ಬರುತ್ತಾರೆ. ಯೋಜನೆ ಪ್ರಾಮಾಣಿಕವೇ ಅಲ್ಲವೇ ಎಂಬುದನ್ನು ಹೇಳಬೇಕಾದವನು ಕೊನೆಯ ಹಂತದವನು. ಅವನು ಹೇಳುವವರೆಗೆ ನಾವು ಕೇಳುತ್ತಲೇ ಇರಬೇಕು.